ಲೂರ್ಡ್ಸ್ ಬಾಯಿಯ ಕೈಗುಣ

ಲೂರ್ಡ್ಸ್ ರೆಬೆಲ್ಲೊ ಅಹಂಕಾರಿ ಹೆಂಗಸು. ತನ್ನಿಂದ ತಪ್ಪಾಗಬಹುದು ಎಂಬ ಯೋಚನೆ ಅವಳ ತಲೆಯೊಳಗೆ ಬರುತ್ತಲೇ ಇರಲಿಲ್ಲ. ಇಂಥವರು ದುಷ್ಟರಿಗಿಂತ ಅಪಾಯಕಾರಿಗಳು. ದುಷ್ಟರ ಮೇಲೆ ಊರಿನ ಒಂದು ಕಣ್ಣು ಯಾವಾಗಲೂ ಇರುತ್ತದೆ. ಲೂರ್ಡ್ಸ್ ಮೇಲೆ ನಲವತ್ತು ವರ್ಷ ಯಾರ ಕಣ್ಣೂ ಇರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಬೋಳಾರದಲ್ಲಿ, ಡಾಕ್ಟರ್ ನೊರ್ಬರ್ಟ್ ಕುಟಿನ್ಹರ ಕ್ಲಿನಿಕ್ಕಿನಲ್ಲಿ. ಮಂಗಳಾದೇವಿ ದೇವಸ್ಥಾನದಿಂದ ನದಿಯ ಕಡೆಗೆ ಇಳಿಯುವ ರಸ್ತೆಯಲ್ಲಿ ಒಂದು ಹಂಚಿನ ಮನೆ. ಅದರ ಎದುರಿನ ಎರಡು ಕೋಣೆಗಳೇ ಕ್ಲಿನಿಕ್, ಜಗಲಿಯೇ ರೋಗಿಗಳು ಕಾಯುವ ಜಾಗ, ಹಿತ್ತಲಲ್ಲಿ ಬಾವಿ. ನನ್ನ ಮನೆ ಅಲ್ಲಿಂದ ಎರಡು ತಿರುವು ಆಚೆ. ರಕ್ತದೊತ್ತಡ ನೋಡಿಸಿಕೊಳ್ಳಲು ಹೋಗಿ ಜಗಲಿಯಲ್ಲಿ ಕೂರುತ್ತಿದ್ದೆ. ನಾನು ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಾಣು ವಿಜ್ಞಾನ ಕಲಿಸಿ ನಿವೃತ್ತಳಾದವಳು.

ಲೂರ್ಡ್ಸ್ ಬಜಪೆ ಕಡೆಯವಳು. ಹತ್ತನೇ ತರಗತಿ ಮುಗಿಸಿ ನರ್ಸಿಂಗ್ ಕಲಿಯಬೇಕೆಂದಿದ್ದಳು. ಮನೆಯಲ್ಲಿ ಒಬ್ಬಳನ್ನು ಮಾತ್ರ ಕಲಿಸಲು ಸಾಧ್ಯವಿತ್ತು; ತಂಗಿ ಗ್ಲ್ಯಾಡಿಸ್‌ಗೆ ಹೆಚ್ಚು ಅಂಕ ಬಂದಿತ್ತು. ಗ್ಲ್ಯಾಡಿಸ್ ನರ್ಸ್ ಆಗಿ ಕುವೈಟಿಗೆ ಹೋದಳು, ಮರಳಿ ಬಂದು ಕಾವೂರಿನಲ್ಲಿ ಮನೆ ಕಟ್ಟಿಸಿದಳು. ಲೂರ್ಡ್ಸ್ ಆ ಮನೆಯ ಕೆಳಗಿನ ಕೋಣೆಯಲ್ಲಿ ಇರುತ್ತಿದ್ದಳು, ಎರಡು ಬಸ್ ಬದಲಿಸಿ ಬೋಳಾರಕ್ಕೆ ಬರುತ್ತಿದ್ದಳು. ತಂಗಿಯ ಮಾತು ಬಂದಾಗ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಅವಳಿಗೆ ಸರ್ಟಿಫಿಕೇಟ್ ಉಂಟು. ನನಗೆ ಕೈ ಉಂಟು."

ಕೈ ಇದ್ದದ್ದು ನಿಜ. ಸೊಂಟದ ಮೇಲೆ ಒಂದು ಸಣ್ಣ ಪೆಟ್ಟು ಕೊಟ್ಟು, ಆ ಪೆಟ್ಟಿನ ಜೊತೆಗೇ ಸೂಜಿ ಒಳಗೆ ಹಾಕಿ ತೆಗೆಯುತ್ತಿದ್ದಳು. ಕಣ್ಣು ಮುಚ್ಚಿ ಹಲ್ಲು ಕಚ್ಚಿ ನಿಂತ ಗಟ್ಟಿ ಆಳುಗಳಿಗೆ, "ಆಯ್ತು ಮಾರಾಯ, ಚಡ್ಡಿ ಮೇಲೆ ಎಳಿ, ಹೊರಗೆ ಜನ ಕಾಯ್ತಾ ಉಂಟು" ಎನ್ನುವ ಅವಳ ದನಿ ಜಗಲಿಗೆ ಕೇಳುತ್ತಿತ್ತು. ಜಗಲಿ ನಗುತ್ತಿತ್ತು. ಬೋಳಾರದಲ್ಲಿ, ಹೊಯ್ಗೆಬಜಾರಿನಲ್ಲಿ, ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಎಲ್ಲರೂ ಅವಳನ್ನು ಗೌರವದಿಂದ ಬಾಯಿ ಎಂದು ಕರೆದು ಹೇಳುತ್ತಿದ್ದರು, ಲೂರ್ಡ್ಸ್ ಬಾಯಿಯ ಕೈಗುಣ ಬೇರೆ ಯಾರಿಗೂ ಇಲ್ಲ ಎಂದು. ಡಾಕ್ಟರ್ ಕುಟಿನ್ಹರಿಗೆ ಎಪ್ಪತ್ತೆಂಟು. ಮೃದು ಮನುಷ್ಯ. "ನಾನು ಚೀಟಿ ಬರೆಯುವವ ಮಾತ್ರ, ರಾಜ್ಯ ಅವಳದ್ದು" ಎಂದು ತಮಾಷೆ ಮಾಡುತ್ತಿದ್ದರು. ತಮಾಷೆಯಾಗಿ ಹೇಳಿದ್ದರಿಂದ ಅದು ನಿಜ ಎಂಬುದು ಯಾರಿಗೂ ತೋಚಲಿಲ್ಲ.

ಅವಳಿಗೆ ಸ್ವಚ್ಛತೆಯ ಹುಚ್ಚು ಇತ್ತು. ದಿನಕ್ಕೆ ಮೂರು ಸಲ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದಳು. ಹಾಸಿಗೆಯ ಬಿಳಿ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸುತ್ತಿದ್ದಳು. ಒಬ್ಬ ರೋಗಿಗೆ ಒಂದು ಹೊಸ ಸಿರಿಂಜ್. ಕೆಲಸ ಮುಗಿದ ಮೇಲೆ ರೋಗಿಯ ಎದುರಿಗೇ ಸೂಜಿ ಮುರಿದು ತೋರಿಸುತ್ತಿದ್ದಳು. ಕೆಂಪು, ಹಳದಿ, ನೀಲಿ ಬುಟ್ಟಿಗಳು ಗೋಡೆಯ ಬದಿಯಲ್ಲಿ ಸಾಲಾಗಿದ್ದವು. ಗೋಡೆಯಲ್ಲಿ ನೋಂದಣಿ ಪತ್ರ, ಗಾಜಿನ ಚೌಕಟ್ಟಿನಲ್ಲಿ. ಮೂಗು ಹಿಡಿದು ಒಳಗೆ ಹೋಗುವ ಎಷ್ಟೋ ಕ್ಲಿನಿಕ್ಕುಗಳನ್ನು ಕಂಡಿರುವ ನಾನು, ಇದು ಒಳ್ಳೆಯ ಕ್ಲಿನಿಕ್ ಎಂದೇ ಹೇಳುತ್ತಿದ್ದೆ. ಸೂಜಿ ಹಾಕುವ ಒಳಕೋಣೆಗೆ ನಾನು ಹೋಗಬೇಕಾಗಿ ಬಂದಿರಲಿಲ್ಲ.

ಮೀನುಗಾರಿಕೆಗೆ ಮಳೆಗಾಲದಲ್ಲಿ ಎರಡು ತಿಂಗಳು ನಿಷೇಧ ಇರುತ್ತದೆ. ಆಗಸ್ಟ್ ಮೊದಲ ವಾರ ಬೋಟುಗಳು ಮತ್ತೆ ಕಡಲಿಗೆ ಇಳಿಯುತ್ತವೆ. ಎರಡು ತಿಂಗಳು ಮನೆಯಲ್ಲಿ ಕೂತ ಮೈ, ಒಮ್ಮೆಲೇ ಹತ್ತು ಹನ್ನೆರಡು ದಿನ ಬಲೆ ಎಳೆಯಬೇಕು. ಹಾಗಾಗಿ ಇಲ್ಲಿನ ಬೋಟಿನವರಲ್ಲಿ ಒಂದು ಪದ್ಧತಿ ಬೆಳೆದಿದೆ. ಹೊರಡುವ ಮೊದಲು ದೇವರಿಗೆ ಕೈಮುಗಿದು, ಆಮೇಲೆ ಕ್ಲಿನಿಕ್ಕಿಗೆ ಬಂದು, ಇನ್ನೂ ಬಾರದ ಬೆನ್ನುನೋವಿಗೆ ಮೊದಲೇ ಒಂದು ನೋವಿನ ಇಂಜೆಕ್ಷನ್ ಹಾಕಿಸಿಕೊಳ್ಳುವುದು. ಈ ಮದ್ದು ಮರುದಿನಕ್ಕೆ ಇಳಿದುಹೋಗುತ್ತದೆ, ಪ್ರಯೋಜನ ಏನೂ ಇಲ್ಲ. ಡಾಕ್ಟರ್ ಕುಟಿನ್ಹರಿಗೆ ಅದು ಗೊತ್ತಿತ್ತು. ಬೇಡ ಎಂದರೆ ಬೇರೆ ಕಡೆ ಹೋಗುತ್ತಾರೆ ಎಂಬುದೂ ಗೊತ್ತಿತ್ತು.

ಕಳೆದ ವರ್ಷ ಹಾಗೆ ಬಂದವರಲ್ಲಿ ಹೊಯ್ಗೆಬಜಾರಿನ ದೂಮಪ್ಪ ಪುತ್ರನ್ ಮತ್ತು ಅವನ ಮಗ ಭುವನ್ ಇದ್ದರು. ದೂಮಪ್ಪ ಒಂದು ಟ್ರಾಲ್ ಬೋಟಿನ ತಂಡೇಲ, ಎಂದರೆ ಬೋಟು ನಡೆಸುವವನು. ಐವತ್ತೆಂಟು ವರ್ಷ, ಸಕ್ಕರೆ ಕಾಯಿಲೆ. ಹೆಂಡತಿ ಸ್ವರ್ಣಲತಾ ನಮ್ಮ ಬೀದಿಗೆ ಮೀನು ತರುವವಳು. ಮಗನಿಗೆ ಮೂವತ್ತು, ತಂದೆಯ ಬೋಟಿನಲ್ಲೇ ಕೆಲಸ.

ಸೆಪ್ಟೆಂಬರಿನಲ್ಲಿ ದೂಮಪ್ಪನ ಸೊಂಟದಲ್ಲಿ ಒಂದು ಗಡ್ಡೆ ಎದ್ದಿತು. ಉಷ್ಣದ ಕುರು ಎಂದು ಅವನು ಸುಮ್ಮನಿದ್ದ. ಕಡಲಿನಿಂದ ಮರಳಿದಾಗ ಲೂರ್ಡ್ಸ್ ಬಳಿಗೆ ಬಂದ. ಅವಳು ಹೆಬ್ಬೆರಳಿನಿಂದ ಒತ್ತಿ ನೋಡಿ ಉಷ್ಣವೇ ಎಂದಳು, ಶಾಖ ಕೊಡಲು ಹೇಳಿದಳು. ಡಾಕ್ಟರು ಮಾತ್ರೆ ಬರೆದರು. ನೋವು ಇದೆಯಲ್ಲ ಎಂದು ಇನ್ನೊಂದು ಸೊಂಟಕ್ಕೆ ಇನ್ನೊಂದು ಇಂಜೆಕ್ಷನ್ ಕೂಡ ಆಯಿತು. ಅಕ್ಟೋಬರಿನಲ್ಲಿ ಮೊದಲ ಗಡ್ಡೆ ಒಡೆದು ಕೀವು ಸುರಿಯಿತು. ಮುಚ್ಚಲಿಲ್ಲ. ಎರಡನೆಯದು ಎದ್ದಿತು.

ಅವನನ್ನು ಆಸ್ಪತ್ರೆಗೆ ತಂದದ್ದು ಆಗ. ಅಲ್ಲಿನ ಸರ್ಜನ್ ಜ್ಯೋತ್ಸ್ನಾ ನನ್ನ ಹಳೆಯ ವಿದ್ಯಾರ್ಥಿನಿ. ಒಂದು ದಿನ ಫೋನ್ ಮಾಡಿದಳು.

"ಮೇಡಂ, ನಾಲ್ಕು ಜನ ಬಂದಿದ್ದಾರೆ, ಎಲ್ಲರಿಗೂ ಸೊಂಟದಲ್ಲಿ ಬಾವು. ಕುಯ್ದು ತೆಗೆದರೂ ಒಣಗುವುದಿಲ್ಲ. ಕೀವು ಲ್ಯಾಬಿಗೆ ಕಳಿಸಿದ್ರೆ ಏನೂ ಬೆಳೆಯಲಿಲ್ಲ ಅಂತ ಬರ್ತದೆ."

"ಎಷ್ಟು ದಿನ ಇಟ್ಟು ನೋಡಿದರು?"

"ಎರಡು ದಿನ. ಎಲ್ಲರದ್ದೂ ಅಷ್ಟೇ ಅಲ್ವಾ ಮೇಡಂ?"

"ಒಂದು ವಾರ ಇಡಲಿಕ್ಕೆ ಹೇಳು."

ಒಂದು ವಾರ ಇಟ್ಟಾಗ ಬೆಳೆಯಿತು. ಕ್ಷಯದ ಕ್ರಿಮಿಗೆ ದಾಯಾದಿಯಾಗಬೇಕಾದ ಒಂದು ಸೂಕ್ಷ್ಮಾಣು. ನೀರಿನಲ್ಲಿ, ಮಣ್ಣಿನಲ್ಲಿ ಇರುತ್ತದೆ. ಕುಡಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಸೂಜಿಯ ಜೊತೆ ಮಾಂಸದೊಳಗೆ ಹೋದರೆ ವಾರಗಟ್ಟಲೆ ಸುಮ್ಮನೆ ಕೂತು ಆಮೇಲೆ ಏಳುತ್ತದೆ. ಸಾಮಾನ್ಯ ಮಾತ್ರೆಗಳಿಗೆ ಬಗ್ಗುವುದಿಲ್ಲ. ಬೇರೆಯದೇ ಮದ್ದುಗಳನ್ನು ತಿಂಗಳುಗಟ್ಟಲೆ ಕೊಡಬೇಕು, ಬೇಗ ಶುರು ಮಾಡಬೇಕು. ತಡವಾದಷ್ಟೂ ಮಾಂಸ ಹೋಗುತ್ತದೆ.

ಎಲ್ಲಿ ಇಂಜೆಕ್ಷನ್ ತೆಗೆದುಕೊಂಡಿರಿ ಎಂದು ಕೇಳಿದರೆ ಅಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಒಬ್ಬನಿಗೆ ಹಗ್ಗ ಉಜ್ಜಿದ್ದಂತೆ, ಇನ್ನೊಬ್ಬ ಬೋಟಿನಲ್ಲಿ ಬಿದ್ದದ್ದಂತೆ. ದೂಮಪ್ಪ, "ಸೂಜಿಯಾ? ನಾನು ಸೂಜಿ ಕಂಡದ್ದು ಬಲೆ ಹೊಲಿಯುವಾಗ ಮಾತ್ರ" ಎಂದು ಜ್ಯೋತ್ಸ್ನಾಳಿಗೆ ನಗುತ್ತಾ ಸುಳ್ಳು ಹೇಳಿದ. ಬಾಗಿಲಲ್ಲಿ ನಿಂತಿದ್ದ ಸ್ವರ್ಣಲತಾಳೇ, "ಎಂತ ಸುಳ್ಳು ಹೇಳುದು ಇವರು! ನಮ್ಮ ಲೂರ್ಡ್ಸ್ ಬಾಯಿ ಹಾಕಿದ್ದಲ್ವಾ. ಅವರ ಕೈ ಒಳ್ಳೆದು ಡಾಕ್ಟ್ರೆ, ಅದರಿಂದ ಎಂತ ಆಗುದಿಲ್ಲ" ಎಂದಳು. ದೂಮಪ್ಪ ಗೋಡೆಯ ಕಡೆಗೆ ಹೊರಳಿ ಮಲಗಿದ. ಅವನಿಗೆ ಎಲ್ಲವೂ ಅರ್ಥವಾಗಿತ್ತು ಎಂದು ಜ್ಯೋತ್ಸ್ನಾ ಆಮೇಲೆ ಹೇಳಿದಳು. ಬಾಯಿಯ ಹೆಸರು ಕೆಡಬಾರದು ಎಂದು ಸುಳ್ಳು ಹೇಳಿದ್ದ.

ನಾವಿಬ್ಬರೂ ಒಂದು ಮಧ್ಯಾಹ್ನ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಊಟಕ್ಕೆ ಒಳಗೆ ಹೋಗಿದ್ದರು. ಲೂರ್ಡ್ಸ್ ಜಗಲಿ ಒರೆಸುತ್ತಿದ್ದಳು.

"ಎಂತ ಮೇಡಂ, ಇವತ್ತು ಬಿ.ಪಿ. ಎತ್ತಿಕೊಂಡು ಬರ್ಲಿಕ್ಕೆ ಇಬ್ಬರು ಬೇಕಾಯ್ತಾ?"

ಜ್ಯೋತ್ಸ್ನಾ ವಿಷಯ ಹೇಳಿದಳು. ಲೂರ್ಡ್ಸ್ ಮುಖ ಬಿಗಿದುಕೊಂಡಿತು. ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, "ನನ್ನ ಸಿರಿಂಜ್ ನೋಡ್ಬೇಕಾ? ಬನ್ನಿ. ಪೂರಾ ನೋಡಿ. ಮೂಲೆ ಮೂಲೆ ನೋಡಿ" ಎಂದು ಒಳಕೋಣೆಯ ಬಾಗಿಲು ತೆರೆದಳು.

ಸಿರಿಂಜುಗಳು ಸರಿಯಿದ್ದವು. ಮದ್ದಿನ ಬಾಟಲಿಗಳ ತಾರೀಕು ಸರಿಯಿತ್ತು. ನೋವಿನ ಮದ್ದು ದೊಡ್ಡ ಬಾಟಲಿಯಲ್ಲಿ ಬರುತ್ತದೆ, ಒಂದರಿಂದ ಹತ್ತು ಜನರಿಗೆ ಆಗುತ್ತದೆ. ಪ್ರತಿ ಸಲ ಅದರ ರಬ್ಬರ್ ಮುಚ್ಚಳವನ್ನು ಒರೆಸಿ ಸೂಜಿ ಚುಚ್ಚಬೇಕು. ಒರೆಸುವುದು ಯಾವುದರಿಂದ ಎಂದು ನೋಡಿದೆ. ಮೇಜಿನ ಮೇಲೆ ಒಂದು ಸ್ಟೀಲಿನ ಡಬ್ಬಿ, ಅದರ ತುಂಬ ಒದ್ದೆ ಹತ್ತಿ ಉಂಡೆಗಳು.

"ಇದು ಸ್ಪಿರಿಟಾ?"

"ಸ್ಪಿರಿಟ್ ಉರೀತದೆ ಮೇಡಂ. ಮಕ್ಕಳು ಬೊಬ್ಬೆ ಹಾಕ್ತಾರೆ. ಇದು ಕ್ರಿಮಿ ಸಾಯುವ ಲೋಶನ್. ಸ್ವಲ್ಪ ಹೆಚ್ಚು ನೀರು ಸೇರಿಸಿದ್ರೆ ಉರಿಯೇ ಇಲ್ಲ. ಅದಕ್ಕೇ ಅಲ್ವಾ ನನ್ನ ಸೂಜಿ ಯಾರಿಗೂ ಗೊತ್ತಾಗದ್ದು."

"ಯಾವ ನೀರು?"

"ನಮ್ಮ ಬಾವಿದು." ಅವಳ ದನಿಯಲ್ಲಿ ಹೆಮ್ಮೆ ಇತ್ತು. ನದಿಯ ಇಷ್ಟು ಹತ್ತಿರ ಸಿಹಿನೀರಿನ ಬಾವಿ ಅದೊಂದೇ. ಏಪ್ರಿಲ್ ತಿಂಗಳಲ್ಲಿ ನೆರೆಯವರು ಕೊಡ ಹಿಡಿದು ಬರುತ್ತಿದ್ದರು. "ಕಾರ್ಪೊರೇಶನ್ ನೀರು ಬ್ಲೀಚಿಂಗ್ ವಾಸನೆ ಬರ್ತದೆ. ನಾನು ಅದನ್ನು ರೋಗಿಯ ಮೈಗೆ ಮುಟ್ಟಿಸುವುದಿಲ್ಲ."

"ಕುದಿಸಿದ ನೀರಾ?"

"ಮದ್ದು ಹಾಕ್ತೇವಲ್ಲ ಮೇಡಂ ಅದಕ್ಕೆ. ಮದ್ದು ಹಾಕಿದ ಮೇಲೆ ಕುದಿಸುದು ಎಂತಕ್ಕೆ?"

"ಡಬ್ಬಿ ಖಾಲಿ ಮಾಡಿ ತೊಳೆಯುವುದು ಯಾವಾಗ?"

ಈ ಪ್ರಶ್ನೆಯಿಂದ ಅವಳಿಗೆ ಅವಮಾನವಾದಂತೆ ಕಂಡಿತು. "ಖಾಲಿ ಯಾಕೆ ಆಗ್ಬೇಕು? ನಾನು ಖಾಲಿ ಆಗ್ಲಿಕ್ಕೆ ಬಿಟ್ಟರೆ ಅಲ್ವಾ? ಬೆಳಿಗ್ಗೆ ಬಂದ ಕೂಡ್ಲೇ ತುಂಬಿಸ್ತೇನೆ. ಯಾವತ್ತೂ ಕಂಠದವರೆಗೆ ಇರ್ತದೆ."

ಒಳ್ಳೆಯ ಗೃಹಿಣಿಯರು ಉಪ್ಪಿನ ಭರಣಿ ಬರಿದಾಗಲು ಬಿಡುವುದಿಲ್ಲ. ಲೂರ್ಡ್ಸ್ ಅದೇ ಶಿಸ್ತನ್ನು ಹತ್ತಿಯ ಡಬ್ಬಿಗೆ ತಂದಿದ್ದಳು. ನೀರು ಹೆಚ್ಚಾಗಿ ತೆಳುವಾದ ಆ ಲೋಶನ್ನಿನಲ್ಲಿ ಈ ಸೂಕ್ಷ್ಮಾಣು ಸಾಯುವುದಿಲ್ಲ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೂ ಹೊಸದು. ನಾಳಿನ ಮೊಸರಿಗೆ ಹೆಪ್ಪು ಉಳಿಸಿದ ಹಾಗೆ, ದಿನವೂ ಡಬ್ಬಿಯ ತಳದಲ್ಲಿ ರೋಗಕ್ಕೆ ಹೆಪ್ಪು ಉಳಿಯುತ್ತಿತ್ತು. ಅದರಿಂದ ಒರೆಸಿದ ರಬ್ಬರಿನ ಮೂಲಕ ಸೂಜಿ ಬಾಟಲಿಗೆ, ಬಾಟಲಿಯಿಂದ ಮೈಗೆ.

ನಾನು ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಜ್ಯೋತ್ಸ್ನಾ ತೋರಿಸಿದಳು. ಸರ್ಜನ್ನರಿಗೆ ಕೈ ಗಟ್ಟಿ ಇರುತ್ತದೆ, ಮುಖ ಇರುವುದಿಲ್ಲ. ಲೂರ್ಡ್ಸ್ ಅವಳ ಮುಖ ನೋಡಿದಳು, ಡಬ್ಬಿ ನೋಡಿದಳು. ನಮ್ಮ ಬಳಿ ಮಾದರಿ ತೆಗೆಯುವ ಶುದ್ಧ ಬಾಟಲಿ ಇರಲಿಲ್ಲ, ಡಾಕ್ಟರ ಒಪ್ಪಿಗೆಯೂ ಬೇಕಿತ್ತು. ಸಂಜೆ ಬರುತ್ತೇವೆ, ಇದನ್ನು ಹೀಗೇ ಇಡಿ ಎಂದು ಹೇಳಿ ಹೊರಟೆವು.

ಸಂಜೆ ಬಂದಾಗ ಡಬ್ಬಿ ಫಳಫಳ ಹೊಳೆಯುತ್ತಿತ್ತು. ತಿಕ್ಕಿ, ಕುದಿಸಿ, ಒಣಗಿಸಿ, ಮಗುಚಿ ಇಟ್ಟಿದ್ದಳು. ಬಳಸಿದ್ದ ಮದ್ದಿನ ಬಾಟಲಿಗಳೂ ಹೋಗಿದ್ದವು.

"ಹೀಗೇ ಇಡಿ ಎಂದಿದ್ದೆನಲ್ಲ" ಎಂದೆ.

"ತೊಳೀಲಿಲ್ವಾ ಅಂತ ನೀವೇ ಕೇಳಿದ್ದಲ್ವಾ ಮೇಡಂ? ತೊಳ್ದೆ. ಈಗ ತೊಳೆದದ್ದೂ ತಪ್ಪಾ?"

ಡಾಕ್ಟರ್ ಕುಟಿನ್ಹ ಕುರ್ಚಿಯಲ್ಲಿ ಕೂತಿದ್ದರು, ಕನ್ನಡಕ ತೆಗೆದು ಒರೆಸುತ್ತಿದ್ದರು. "ಕಂಪೆನಿಯ ಬ್ಯಾಚೇ ಕೆಟ್ಟದ್ದಿರಬಹುದು, ಅಲ್ವಾ?" ಎಂದರು. ಹಾಗಲ್ಲ ಎಂಬುದು ಅವರಿಗೆ ಗೊತ್ತಿತ್ತು. ಸೀಲ್ ಒಡೆಯದ ಬಾಟಲಿಗಳನ್ನು ನಾವು ಪರೀಕ್ಷಿಸಿದೆವು, ಅವು ಶುದ್ಧವಾಗಿದ್ದವು. ಬಾವಿಯ ನೀರಿನಲ್ಲಿ ಆ ಸೂಕ್ಷ್ಮಾಣು ಸಿಕ್ಕಿತು. ಆದರೆ ಅದು ಎಷ್ಟೋ ಬಾವಿಗಳಲ್ಲಿ ಸಿಗುವಂಥದ್ದು. ಡಬ್ಬಿ ತೊಳೆದ ಮೇಲೆ ಖಚಿತವಾಗಿ ಹೇಳಲು ನನ್ನ ಬಳಿ ಏನೂ ಉಳಿಯಲಿಲ್ಲ.

ಡಬ್ಬಿಯ ವಿಷಯವನ್ನು ನಾನು ಬಿಟ್ಟೆ. ಬಿಡಲಾಗದ್ದು ಇನ್ನೊಂದಿತ್ತು. ಆ ದಿನಗಳಲ್ಲಿ ಸೂಜಿ ಹಾಕಿಸಿಕೊಂಡವರು ನಾಲ್ವರೇ ಆಗಿರಲು ಸಾಧ್ಯವಿಲ್ಲ. ಉಳಿದವರು ಕಡಲಿನಲ್ಲಿದ್ದರು, ಇಲ್ಲವೇ ಬೇರೆ ಬೇರೆ ಕಡೆ ಉಷ್ಣದ ಕುರು ಎಂದು ಮುಲಾಮು ಹಚ್ಚುತ್ತಿದ್ದರು. ಹುಡುಕಿ ಮದ್ದು ಶುರು ಮಾಡದಿದ್ದರೆ ಅವರಿಗೂ ದೂಮಪ್ಪನ ಗತಿ. ಸೂಜಿ ಯಾರಿಗೆ ಹಾಕಿದರು ಎಂದು ಆ ಕ್ಲಿನಿಕ್ಕಿನಲ್ಲಿ ಬರೆದಿಡುತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ. ಜಗಲಿಯಲ್ಲಿ ಕೂತವರ ಅಜ್ಜಿಯ ಹೆಸರು, ಅಜ್ಜಿಗಿದ್ದ ಕಾಯಿಲೆ ಎಲ್ಲ ನೆನಪಿಟ್ಟುಕೊಂಡವಳು ಅವಳು.

ಜ್ಯೋತ್ಸ್ನಾ ಮೂರು ಸಲ ಅವಳ ಬಳಿ ಹೋದಳು. ಮೂರನೇ ಸಲ ನಾನೂ ಇದ್ದೆ.

"ಲೂರ್ಡ್ಸ್ ಬಾಯಿ, ನಾನು ಯಾರ ಮೇಲೂ ಕೇಸ್ ಹಾಕ್ಲಿಕ್ಕೆ ಬಂದದ್ದಲ್ಲ. ಹೆಸರು ಹೇಳಿ, ಸಾಕು. ನಾನೇ ಹೋಗಿ ಕರೀತೇನೆ."

"ನೆನಪಿಲ್ಲ ಡಾಕ್ಟ್ರೆ."

"ಆಗಸ್ಟಿನಲ್ಲಿ ಬೋಟಿನವರು ಯಾರೆಲ್ಲ ಬಂದಿದ್ರು?"

"ಬೋಟಿನವರು ಎಲ್ಲ ಒಂದೇ ಥರ ಕಾಣ್ತಾರೆ ನನಗೆ."

ನಾನು ತಾಳ್ಮೆ ಕಳೆದುಕೊಂಡೆ. "ಸುಳ್ಳು ಹೇಳುತ್ತಿದ್ದೀಯ, ಲೂರ್ಡ್ಸ್."

ಅವಳು ನೆಟ್ಟಗೆ ನಿಂತಳು. "ನಲವತ್ತು ವರ್ಷ ಮೇಡಂ. ಈ ಕೈಯಿಂದ ಎಷ್ಟು ಸಾವಿರ ಸೂಜಿ. ಒಬ್ಬರಿಗೆ ಒಂದು ಕುರು ಆಗ್ಲಿಲ್ಲ. ಈಗ ನಾನು ಹೆಸರು ಹೇಳಿದ್ರೆ ಎಂತ ಅರ್ಥ? ಲೂರ್ಡ್ಸ್ ಮಾಡಿದ್ದು ಅಂತ ನಾನೇ ಒಪ್ಪಿದ ಹಾಗೆ ಅಲ್ವಾ? ನನಗೆ ಬೇರೆ ಎಂತ ಉಂಟು, ಹೇಳಿ ನೋಡುವ?"

ಉತ್ತರಕ್ಕೆ ಕಾಯದೆ ನೆಲ ಒರೆಸಲು ಹೋದಳು. ಅವಳಿಗೆ ಬೇರೆ ಏನೂ ಇರಲಿಲ್ಲ ಎಂಬುದು ನಿಜವೇ. ಆದರೆ ಅದರ ಬೆಲೆಯನ್ನು ಇನ್ನೊಬ್ಬರ ಮಾಂಸದಲ್ಲಿ ಕೊಡಿಸುವ ಹಕ್ಕು ಅವಳಿಗಿರಲಿಲ್ಲ. ಈ ಬರಹದ ಮೊದಲ ವಾಕ್ಯವನ್ನು ನಾನು ಆ ದಿನ ಮನಸ್ಸಿನಲ್ಲಿ ಬರೆದೆ.

ಡಾಕ್ಟರ್ ಕುಟಿನ್ಹ ವಯಸ್ಸಾಯಿತು ಎಂದು ಹೇಳಿ ಕ್ಲಿನಿಕ್ ಮುಚ್ಚಿದರು. ದೂಮಪ್ಪನಿಗೆ ನಾಲ್ಕು ಸಲ ಶಸ್ತ್ರಚಿಕಿತ್ಸೆ ಆಯಿತು. ಪ್ರತಿ ಸಲ ಕೊಳೆತದ್ದನ್ನು ಕತ್ತರಿಸಿ ತೆಗೆಯುತ್ತಿದ್ದರು. ಗಾಯದಲ್ಲಿ ಒಂದು ಮುಷ್ಟಿ ಹೋಗುವಷ್ಟು ಜಾಗ ಆಗಿತ್ತು. ಭುವನ್ ದಿನವೂ ಪಕ್ಕದಲ್ಲಿ ನಿಂತು ಪಟ್ಟಿ ಬದಲಿಸುವುದನ್ನು ನೋಡುತ್ತಿದ್ದ. ಸಕ್ಕರೆ ಹಿಡಿತಕ್ಕೆ ಬರಲಿಲ್ಲ, ಆಮೇಲೆ ಮೂತ್ರಪಿಂಡ ಸೋತಿತು. ಡಿಸೆಂಬರಿನ ಮೊದಲ ವಾರ ತೀರಿಕೊಂಡ. ಸೂಜಿಯೊಂದೇ ಅವನನ್ನು ಕೊಂದಿತು ಎಂದು ನಾನು ಹೇಳಲಾರೆ. ಸೂಜಿ ಇಲ್ಲದಿದ್ದರೆ ಅವನು ಆ ವಾರ ಬೋಟಿನಲ್ಲಿರುತ್ತಿದ್ದ ಎಂದು ಹೇಳಬಲ್ಲೆ.

ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯ ದಿನ, ನಾನು ಅವರ ಮನೆಗೆ ಹೋದೆ. ಅಂಗಳದಲ್ಲಿ ಶಾಮಿಯಾನ ಹಾಕಿ ಊಟಕ್ಕೆ ಎಲೆ ಹಾಕುತ್ತಿದ್ದರು. ಲೂರ್ಡ್ಸ್ ಬಂದಳು. ಗಂಜಿ ಹಾಕಿದ ಬಿಳಿ ಸೀರೆ, ತಲೆ ಎತ್ತಿಯೇ ಬಂದಳು. ಅವಳ ಧೈರ್ಯಕ್ಕೆ ನನಗೆ ಹೇಸಿಗೆಯಾಯಿತು. ಸ್ವರ್ಣಲತಾ ಎದ್ದು ಹೋಗಿ ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು.

"ಬಾಯಿ, ನಿಮ್ಮ ಕ್ಲಿನಿಕ್ ಇದ್ದಿದ್ರೆ ಇವರಿಗೆ ಹೀಗೆ ಆಗ್ತಿರ್ಲಿಲ್ಲ. ಆಸ್ಪತ್ರೆಯವರು ಕುಯ್ದು ಕುಯ್ದು ಹಾಳು ಮಾಡಿದ್ರು. ನಿಮ್ಮ ಕೈಯಲ್ಲೇ ಇರ್ಬೇಕಿತ್ತು ಇವರು."

ಸ್ವರ್ಣಲತಾ ಹಿಡಿದ ಕೈ ಬಿಡದೆ ಮುಂದುವರಿಸಿದಳು.

"ನಾಡಿದ್ದು ಭುವನ್ ಬೋಟಿಗೆ ಹೋಗ್ತಾನೆ. ಕೂರ್ಲಿಕ್ಕೆ ನಿಲ್ಲಿಕ್ಕೆ ಕಷ್ಟ ಆಗ್ತದೆ ಅವನಿಗೆ, ಬೆನ್ನು ನೋವು ಅಂತಾನೆ. ಕ್ಲಿನಿಕ್ ಇಲ್ಲದಿದ್ರೆ ಎಂತ ಆಯ್ತು, ನೀವು ಮನೆಗೆ ಬಂದು ಒಂದು ಸೂಜಿ ಹಾಕಿ ಹೋಗಿ ಬಾಯಿ. ನಿಮ್ಮ ಕೈಯಿಂದಲೇ ಆಗ್ಬೇಕು."

ಲೂರ್ಡ್ಸ್ ತನ್ನ ಕೈಗಳನ್ನು ಬಿಡಿಸಿಕೊಂಡಳು. ಪಂಕ್ತಿಯಲ್ಲಿ ನೀರು ಬಡಿಸುತ್ತಿದ್ದ ಭುವನ್ ಕಡೆಗೆ ನೋಡಿದಳು. ಅವನು ಬಗ್ಗುವಾಗ ಒಂದು ಬದಿಗೆ ವಾಲುತ್ತಿದ್ದ. ಆಗಸ್ಟಿನಲ್ಲಿ ಅವನೂ ಸೂಜಿ ಹಾಕಿಸಿಕೊಂಡಿದ್ದ ಎಂಬುದು ಅವಳಿಗೆ ಗೊತ್ತಿತ್ತು, ನನಗೆ ಆಗ ಗೊತ್ತಿರಲಿಲ್ಲ. ಅವಳು ಊಟಕ್ಕೆ ಕೂರದೆ ಹೊರಟುಹೋದಳು. ಊಟ ಮಾಡದೆ ಹೋದದ್ದು ಸರಿಯಲ್ಲ ಎಂದು ಹೆಂಗಸರು ಮಾತಾಡಿಕೊಂಡರು.

ಜನವರಿಯಲ್ಲಿ ಒಂದು ಬೆಳಿಗ್ಗೆ ಸ್ವರ್ಣಲತಾ ಮೀನು ತಂದಾಗ ಬುಟ್ಟಿ ಇಳಿಸಿ ನಗಲೋ ಬೇಡವೋ ಎಂಬಂತೆ ನಿಂತಳು.

"ಟೀಚರಮ್ಮ, ಲೂರ್ಡ್ಸ್ ಬಾಯಿಗೆ ತಲೆ ಸರಿ ಇಲ್ಲ ಅಂತ ಕಾಣ್ತದೆ. ದಿನಾ ದಕ್ಕೆಗೆ ಬರ್ತಾರೆ. ಬೋಟಿಂದ ಇಳಿದ ಹುಡುಗರ ಹತ್ತಿರ ಚಡ್ಡಿ ಜಾರಿಸು, ಸೊಂಟ ತೋರಿಸು ಅಂತಾರೆ. ಗಂಡಸರೆಲ್ಲ ನಗಾಡ್ತಾರೆ. ಅಷ್ಟು ಮರ್ಯಾದೆಯಲ್ಲಿ ಇದ್ದವರು!"

"ಯಾರಾದರೂ ತೋರಿಸಿದರಾ?"

"ಕೆಲವರು ತೋರಿಸಿದ್ರಂತೆ. ಇಬ್ಬರನ್ನು ಆಸ್ಪತ್ರೆಗೆ ಹೋಗು ಅಂತ ಅಟ್ಟಿದ್ರಂತೆ. ಅವರು ಹೋಗಿ ಹಗ್ಗ ಉಜ್ಜಿದ್ದು ಅಂತ ಹೇಳಿ ಮುಲಾಮು ತಗೊಂಡು ಬಂದ್ರು."

ಜ್ಯೋತ್ಸ್ನಾಗೆ ಫೋನ್ ಮಾಡಿದೆ. ಅವಳ ಬಳಿಗೆ ಅಂಥವರು ಬಂದಿರಲಿಲ್ಲ. ಬೇರೆ ಎಲ್ಲಿಗೋ ಹೋಗಿ, ಕೇಳಿದವರಿಗೆ ಸೂಜಿಯ ಮಾತೇ ಎತ್ತದೆ ಬಂದಿದ್ದರು. ಲೂರ್ಡ್ಸ್ ಬಾಯಿ ತಾನೇ ಹೋಗು ಎಂದರೂ, ಅವಳ ಹೆಸರು ಹೇಳುವುದು ಅವರಿಗೆ ದ್ರೋಹವಾಗಿ ಕಂಡಿತ್ತು. ಅವಳ ಕೈಗುಣ ಈಗ ಅವಳ ಮಾತಿಗೂ ಬಗ್ಗುತ್ತಿರಲಿಲ್ಲ.

ಮರುದಿನ ನಾನು ದಕ್ಕೆಗೆ ಹೋದೆ. ಬಿಸಿಲು ಏರಿತ್ತು. ಬೋಟುಗಳು ಒಂದಕ್ಕೊಂದು ತಾಗಿ ನಿಂತಿದ್ದವು, ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಸದ್ದಿನಲ್ಲಿ ಯಾರ ಮಾತೂ ಕಿರುಚದೆ ಕೇಳುತ್ತಿರಲಿಲ್ಲ. ನೆಲವೆಲ್ಲ ಮೀನಿನ ನೀರು. ಅದರಲ್ಲಿ ಲೂರ್ಡ್ಸ್, ಸೀರೆಯ ಅಂಚು ಎತ್ತಿ ಸಿಕ್ಕಿಸಿಕೊಂಡು, ದೂಮಪ್ಪ ನಡೆಸುತ್ತಿದ್ದ ಬೋಟಿನ ಎದುರು ನಿಂತಿದ್ದಳು. ಬೋಟಿನ ಯಜಮಾನ ನೂರ್ ಮುಹಮ್ಮದ್ ಥರ್ಮೊಕೋಲ್ ಪೆಟ್ಟಿಗೆಗಳ ಮೇಲೆ ಮಾರ್ಕರಿನಲ್ಲಿ ವ್ಯಾಪಾರಿಗಳ ಹೆಸರು ಬರೆಯುತ್ತಿದ್ದ.

"ಬಾಯಿ, ನನ್ನ ಹುಡುಗರನ್ನು ಬಿಡಿ ಮಾರಾಯ್ರೆ. ಮೀನು ಇಳೀಲಿ ಮೊದಲು."

"ಮೀನು ಐಸಲ್ಲಿ ಉಂಟು, ಕೊಳೆಯುದಿಲ್ಲ. ಭುವನ್, ಕೆಳಗೆ ಇಳಿ."

"ಓ ಭುವನಾ, ಹೋಗು. ಬಾಯಿಗೆ ನಿನ್ನ ಸೊಂಟ ನೋಡದೆ ತಿಂಡಿ ಇಳಿಯುದಿಲ್ಲವಂತೆ!" ಎಂದು ಯಾರೋ ಕೂಗಿದರು. ಬೋಟು ಬೋಟೇ ನಕ್ಕಿತು. ಲೂರ್ಡ್ಸ್ ಆ ಕಡೆ ತಿರುಗಲಿಲ್ಲ.

ಭುವನ್ ಇಳಿದು ಬಂದ. ಬೇಡ ಎಂದ, ಬೆನ್ನುನೋವು ಮಾತ್ರ ಎಂದ. ಅವಳು ಅವನನ್ನು ಪೆಟ್ಟಿಗೆಗಳ ಮರೆಗೆ ಎಳೆದು, ಆ ಒದ್ದೆ ನೆಲದ ಮೇಲೆ ಮಂಡಿಯೂರಿ, ಚಡ್ಡಿಯ ಅಂಚನ್ನು ಕೆಳಗೆ ಸರಿಸಿದಳು. ಎಡ ಸೊಂಟದಲ್ಲಿ ನಿಂಬೆಹಣ್ಣಿನಷ್ಟು ಗಾತ್ರದ ಗಡ್ಡೆ, ಮೇಲಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಅವಳು ಒತ್ತಿ ನೋಡಲಿಲ್ಲ.

"ಎಷ್ಟು ಸಮಯ ಆಯ್ತು?"

"ಅಪ್ಪ ಆಸ್ಪತ್ರೆಯಲ್ಲಿರುವಾಗಲೇ ಉಂಟು."

"ಅಲ್ಲೇ ಇದ್ದಿಯಲ್ಲ ಮಾರಾಯ ದಿನಾ! ಡಾಕ್ಟರಿಗೆ ತೋರಿಸ್ಲಿಕ್ಕೆ ಎಂತ ರೋಗ?"

"ಅಪ್ಪನ ಗಾಯ ನಾನು ನೋಡಿದ್ದೇನೆ ಬಾಯಿ. ನನ್ನನ್ನು ಕುಯ್ಯುದು ಬೇಡ."

"ಈಗ ಹೋದ್ರೆ ಅಷ್ಟು ಕುಯ್ಲಿಕ್ಕೆ ಇಲ್ಲ. ಮದ್ದು ಉಂಟು. ಜ್ಯೋತ್ಸ್ನಾ ಡಾಕ್ಟರು ಅಂತ ಕೇಳು. ಈಗಲೇ ಹೋಗು, ರಿಕ್ಷಾ ಮಾಡು."

"ಹೋದ್ರೆ ಯಾರು ಸೂಜಿ ಹಾಕಿದ್ದು ಅಂತ ಕೇಳ್ತಾರೆ. ಅಪ್ಪನ ಹತ್ತಿರ ಎಷ್ಟು ಕೇಳಿದ್ರು ಗೊತ್ತುಂಟಾ? ಅಪ್ಪ ಸಾಯುವವರೆಗೆ ಹೇಳ್ಲಿಲ್ಲ. ನನ್ನ ಬಾಯಲ್ಲೂ ನಿಮ್ಮ ಹೆಸರು ಬರುದಿಲ್ಲ."

ಲೂರ್ಡ್ಸ್ ಹಾಗೇ ಕೆಳಗೆ ಕೂತಿದ್ದಳು. ಐಸಿನ ಯಂತ್ರ ನಿಂತಿತು. ಎಲ್ಲರ ಮಾತೂ ಒಮ್ಮೆಲೇ ಜೋರಾಗಿ ಕೇಳತೊಡಗಿತು. ಅವಳು ಕೈ ಹಿಂದಕ್ಕೆ ಚಾಚಿದಳು.

"ನೂರಾಕ, ಆ ಪೆನ್ನು ಕೊಡಿ."

"ಎಂತಕ್ಕೆ ಬಾಯಿ, ಅವನನ್ನೂ ಪೆಟ್ಟಿಗೆಗೆ ಹಾಕ್ಲಿಕ್ಕುಂಟಾ?"

ಅವಳು ಮಾರ್ಕರ್ ತೆಗೆದುಕೊಂಡು ಸೆರಗಿನಿಂದ ಭುವನ್ ಚರ್ಮದ ಮೇಲಿನ ಉಪ್ಪುನೀರು ಒರೆಸಿದಳು. ಗಡ್ಡೆಯ ಸುತ್ತ, ಅದನ್ನು ತಾಗದ ಹಾಗೆ, ನಿಧಾನವಾಗಿ ಒಂದು ವೃತ್ತ ಎಳೆದಳು. ಅವನು ಕಚಗುಳಿಯಿಂದ ಮೈ ತಿರುಚಿ, "ಎಂತ ಬಾಯಿ, ಚಿತ್ರ ಬಿಡಿಸ್ತೀರಾ?" ಎಂದ. ವೃತ್ತದ ಕೆಳಗೆ ಅವಳು ದೊಡ್ಡ ಅಕ್ಷರಗಳಲ್ಲಿ ಬರೆದಳು: ಸೂಜಿ ಹಾಕಿದ್ದು ಲೂರ್ಡ್ಸ್ ರೆಬೆಲ್ಲೊ, ಬೋಳಾರ.

ಅವನು ಚಡ್ಡಿ ಮೇಲೆಳೆಯಲು ಹೋದ. ಮಸಿ ಒಣಗುವವರೆಗೆ ಅವಳು ಅವನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು.